ಗಿಡವಾಗಿ ಬಗ್ಗಬೇಕಾದ ನಕ್ಷೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಮಕ್ಕಳನ್ನು ಬೆಳೆಸುವವರಿಗೆ ಹೇಳುವುದು ವಾಡಿಕೆ. ಕಟ್ಟಡ ಕಟ್ಟುವವರಿಗೂ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಕಾಗದದ ಮೇಲಿರುವಷ್ಟು ದಿನ ನಕ್ಷೆ ಒಂದು ಗಿಡ. ಎತ್ತ ಎಳೆದರೂ ಬಾಗುತ್ತದೆ. ಪಾಯ ತೋಡಿ, ಕಲ್ಲು ಕೂರಿಸಿ, ಕಾಂಕ್ರೀಟು ಸುರಿದ ಮೇಲೆ ಅದೇ ನಕ್ಷೆ ಮರವಾಗುತ್ತದೆ. ಐನೂರಕ್ಕೆ ಒಂದರ ಅಳತೆಯಲ್ಲಿ ಬರೆದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಗೆರೆಯೆಂದರೆ ನೆಲದ ಮೇಲೆ ಐದು ಮೀಟರ್. ಆ ಗೆರೆಯನ್ನು ಅಳಿಸಿ ಪಕ್ಕಕ್ಕೆ ಎಳೆಯಲು ಬೇಕಾದದ್ದು ಒಂದು ರಬ್ಬರು, ಒಂದು ನಿಮಿಷ. ಅದೇ ಗೋಡೆಯನ್ನು ಕಟ್ಟಿದ ಮೇಲೆ ಐದು ಮೀಟರ್ ಸರಿಸಲು ಎಷ್ಟು ಹಣ ಬೇಕು, ಎಷ್ಟು ಜನರ ನಿಷ್ಠುರ ಬೇಕು ಎಂಬುದನ್ನು ಮನೆ ಕಟ್ಟಿ ನೋಡಿದವರೆಲ್ಲ ಬಲ್ಲರು.

ಆದ್ದರಿಂದ ನಕ್ಷೆಯ ವಿಚಾರದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಅದನ್ನು ಯಾರು ಬರೆದರು ಎಂಬುದಲ್ಲ. ಅದು ಗಿಡವಾಗಿದ್ದಾಗ ಯಾರ ಯಾರ ಮಾತು ಕೇಳಿತು ಎಂಬುದು.

<b>ನಿವೇಶನ ನಕ್ಷೆ ಎಂದರೇನು?</b>

ಕಟ್ಟಡದ ನಕ್ಷೆ ಬೇರೆ, ನಿವೇಶನದ ನಕ್ಷೆ ಬೇರೆ. ಕೋಣೆ ಎಲ್ಲಿ, ಬಾಗಿಲು ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ತೋರಿಸುವುದು ಕಟ್ಟಡದ ನಕ್ಷೆ. ಆ ಕಟ್ಟಡ ತನ್ನ ನೆಲದ ಮೇಲೆ ಎಲ್ಲಿ ಕೂರುತ್ತದೆ, ಯಾವ ದಿಕ್ಕಿಗೆ ಮುಖ ಮಾಡುತ್ತದೆ, ಜನ ಯಾವ ಕಡೆಯಿಂದ ಬರುತ್ತಾರೆ, ಗಾಡಿ ಎಲ್ಲಿ ನಿಲ್ಲುತ್ತದೆ, ಮಳೆ ನೀರು ಎತ್ತ ಹರಿಯುತ್ತದೆ, ಯಾವ ಮರ ಉಳಿಯುತ್ತದೆ ಎಂದು ತೋರಿಸುವುದು ನಿವೇಶನ ನಕ್ಷೆ. ಒಳಗಿನ ಗೋಡೆ ತಪ್ಪಿದರೆ ಮನೆಯವರಿಗಷ್ಟೇ ಕಷ್ಟ. ನಿವೇಶನದ ಗೆರೆ ತಪ್ಪಿದರೆ ನೆರೆಹೊರೆಗೆ, ಬೀದಿಗೆ, ಕೆಲವೊಮ್ಮೆ ಇಡೀ ಊರಿಗೇ ಕಷ್ಟ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆ ವಿದ್ಯಾಸಂಸ್ಥೆಗಳ ಊರು. ಹರಿಹರದ ದಾರಿಯಲ್ಲಿ ಎರಡು ಎಕರೆ ಜಮೀನಿನಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲೊಂದನ್ನು ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಿ. ವಾಸ್ತುಶಿಲ್ಪಿ ಮೊದಲ ನಕ್ಷೆ ತರುತ್ತಾನೆ. ರಸ್ತೆಗೆ ಎದುರಾಗಿ ಉದ್ದನೆಯ ಕಟ್ಟಡ, ನಡುವೆ ಭವ್ಯವಾದ ಕಮಾನು, ಮುಂದೆ ಕಾರು ನಿಲ್ಲುವ ಅಂಗಳ, ಹಿಂದೆ ನೈರುತ್ಯ ಮೂಲೆಯಲ್ಲಿ ಅಡುಗೆಮನೆ. ನೋಡಲು ಅಚ್ಚುಕಟ್ಟಾಗಿದೆ. ಈಗ ಅದರ ವಿಮರ್ಶೆ ಆರಂಭವಾಗಬೇಕು.

<b>ನೆಲದ ಆಕ್ಷೇಪ</b>

ಮೊದಲ ವಿಮರ್ಶಕ ನೆಲ. ದಾವಣಗೆರೆಯ ಸುತ್ತ ಎರೆಮಣ್ಣು ಬಹಳ. ಹತ್ತಿಗೆ ಹೇಳಿ ಮಾಡಿಸಿದ ಈ ಮಣ್ಣು ಗೋಡೆಗೆ ಒಳ್ಳೆಯ ಗೆಳೆಯನಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಗುರ ಪಾಯದಲ್ಲಿ ನಿಂತ ಕಟ್ಟಡವೂ ಜೊತೆಯಲ್ಲೇ ಏರಿಳಿದು ಗೋಡೆಗಳು ಸೀಳುತ್ತವೆ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು, ತಳದಲ್ಲಿ ಗಡ್ಡೆಯಂತೆ ದಪ್ಪವಾಗಿರುವ ಕಾಂಕ್ರೀಟ್ ಕಂಬಗಳನ್ನು ಆಳಕ್ಕಿಳಿಸುವ ಪಾಯದ ಕ್ರಮವನ್ನು ರೂಢಿಗೆ ತಂದರು. ಆದರೆ ಅದಕ್ಕೆ ಖರ್ಚಿದೆ. ಎರಡು ಎಕರೆಯಲ್ಲಿ ನಾಲ್ಕು ಕಡೆ ಗುಂಡಿ ತೋಡಿ ನೋಡಿದಾಗ ಒಂದು ಮೂಲೆಯಲ್ಲಿ ಗಟ್ಟಿ ಮೊರಡು ಮೂರಡಿಗೇ ಸಿಕ್ಕಿದರೆ ಕಟ್ಟಡ ಅತ್ತ ಸರಿಯುವುದೇ ಜಾಣತನ. ರಸ್ತೆಗೆ ಕಾಣುವ ಕಮಾನಿನ ಆಸೆಯನ್ನು ಅಷ್ಟರ ಮಟ್ಟಿಗೆ ಬಿಡಬೇಕಾಗುತ್ತದೆ.

ಎರಡನೆಯ ವಿಮರ್ಶಕ ನೀರು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು. ಹೊಲವಾಗಿದ್ದಾಗ ಅದರಲ್ಲಿ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು. ಸೂರು, ಸಿಮೆಂಟು, ಡಾಂಬರು ಬಂದ ಮೇಲೆ ಅಷ್ಟೂ ನೀರು ಹರಿದು ಎಲ್ಲಿಗಾದರೂ ಹೋಗಲೇಬೇಕು. ಎಲ್ಲಿಗೆ? ಈ ಪ್ರಶ್ನೆಗೆ ಉತ್ತರ ಬಲ್ಲವನು ಆ ಹೊಲವನ್ನು ಉತ್ತ ರೈತ. ‘ಆ ಮೂಲೆಯಲ್ಲಿ ಎರಡು ದಿನ ನೀರು ನಿಲ್ಲುತ್ತದೆ, ಅಲ್ಲಿ ಎತ್ತು ಇಳಿಯುತ್ತಿರಲಿಲ್ಲ’ ಎಂದು ಅವನು ಹೇಳುವ ಒಂದು ಮಾತು ಸರ್ವೆಯ ಉಪಕರಣ ಹೇಳುವ ಮಾತಿಗೆ ಕಡಿಮೆಯದಲ್ಲ. ನೀರು ನಿಲ್ಲುವ ಮೂಲೆಯಲ್ಲಿ ಕೋಣೆಗಳಿದ್ದರೆ ನಕ್ಷೆ ಬಾಗಬೇಕು. ಅಲ್ಲಿ ಒಂದು ಹೊಂಡ, ಸುತ್ತ ನಾಲ್ಕು ಹೊಂಗೆ ಮರ ಬಂದರೆ ದೋಷವೇ ಗುಣವಾಗುತ್ತದೆ.

ಮೂರನೆಯವರು ಬಿಸಿಲು ಮತ್ತು ಗಾಳಿ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವೆ ತುಸು ಉತ್ತರಕ್ಕೆ ವಾಲುತ್ತಾನೆ. ಆದರೆ ಕೋಣೆಗಳನ್ನು ನಿಜವಾಗಿ ಕಾಯಿಸುವವನು ಪಡುವಣದ ಇಳಿಬಿಸಿಲಿನ ಸೂರ್ಯ. ಉದ್ದನೆಯ ಕಟ್ಟಡ ಪಶ್ಚಿಮಕ್ಕೆ ಎದೆಯೊಡ್ಡಿ ನಿಂತರೆ ಬೇಸಿಗೆಯ ರಾತ್ರಿಗಳಲ್ಲಿ ಗೋಡೆಗಳೇ ಒಲೆಯಾಗುತ್ತವೆ. ಅದನ್ನು ಪೂರ್ವ-ಪಶ್ಚಿಮವಾಗಿ ಮಲಗಿಸಿದರೆ ಬಿಸಿಲಿಗೆ ಸಿಗುವುದು ಕಿರಿದಾದ ಎರಡು ತುದಿಗಳು ಮಾತ್ರ. ಇನ್ನು ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯಗಳಿಂದ ಬೀಸುತ್ತದೆ. ಮೊದಲ ನಕ್ಷೆಯ ಅಡುಗೆಮನೆ ಇದ್ದದ್ದು ಅದೇ ಮೂಲೆಯಲ್ಲಿ. ಹೊಗೆ, ವಗ್ಗರಣೆಯ ಘಾಟು ನಾಲ್ಕು ತಿಂಗಳು ನೇರವಾಗಿ ಕೋಣೆಗಳಿಗೆ! ಅಡುಗೆಮನೆ ಆಗ್ನೇಯಕ್ಕಿರಲಿ ಎಂಬ ಹಳೆಯ ವಾಡಿಕೆ ಇಲ್ಲಿನ ಗಾಳಿಗೆ ಹೊಂದುತ್ತದೆ ಎಂಬುದು ಗಮನಾರ್ಹ. ವಾಡಿಕೆಗಳನ್ನು ಕುರುಡಾಗಿ ಒಪ್ಪುವುದಕ್ಕಿಂತ, ಕುರುಡಾಗಿ ತಳ್ಳಿಹಾಕುವುದಕ್ಕಿಂತ, ಅವುಗಳ ಹಿಂದಿನ ಕಾರಣ ಕೇಳುವುದು ಮೇಲು.

<b>ನಡೆಯುವವರ ಮಾತು</b>

ನಾಲ್ಕನೆಯ ವಿಮರ್ಶಕರು ಅಲ್ಲಿ ಬಾಳುವವರು. ಇವರ ಮಾತು ಹೆಚ್ಚಾಗಿ ನಕ್ಷೆಯ ಮೇಜಿನವರೆಗೆ ಬರುವುದೇ ಇಲ್ಲ. ವಿದ್ಯಾರ್ಥಿನಿಯೊಬ್ಬಳು ನಕ್ಷೆಯನ್ನು ನೋಡಿ ‘ಸಂಜೆ ಏಳಕ್ಕೆ ಬಸ್ಸಿಳಿದರೆ ಗೇಟಿನಿಂದ ಬಾಗಿಲವರೆಗೆ ಯಾರ ಕಣ್ಣಿಗೂ ಬೀಳದೆ ಎಷ್ಟು ದೂರ ನಡೆಯಬೇಕು?’ ಎಂದು ಕೇಳಿದರೆ, ಮುಂದಿನ ವಿಶಾಲ ಅಂಗಳದ ಭವ್ಯತೆ ಅರ್ಧಕ್ಕೆ ಇಳಿಯುತ್ತದೆ. ಅಡುಗೆಯವರು ಕೇಳುವುದು ‘ಅಕ್ಕಿ ಮೂಟೆಯ ಲಾರಿ ಎಲ್ಲಿ ತಿರುಗುತ್ತದೆ?’ ಎಂದು. ಊರುಗೋಲು ಹಿಡಿದವರು ಕೇಳುವುದು ‘ಈ ಆರು ಮೆಟ್ಟಿಲು ಬೇಕೇ ಬೇಕೇ?’ ಎಂದು. ಇವೆಲ್ಲ ಸಣ್ಣ ಪ್ರಶ್ನೆಗಳು. ಆದರೆ ಕಟ್ಟಡ ನಿಂತ ಮೇಲೆ ಐವತ್ತು ವರ್ಷ ದಿನವೂ ಕೇಳಿಬರುವ ಪ್ರಶ್ನೆಗಳು.

ಒಳ್ಳೆಯ ವಿಮರ್ಶೆಯ ಲಕ್ಷಣ ಇಲ್ಲೇ ತಿಳಿಯುತ್ತದೆ. ‘ಚೆನ್ನಾಗಿಲ್ಲ’ ಎನ್ನುವುದು ಅಭಿಪ್ರಾಯ. ಅದರಿಂದ ನಕ್ಷೆಯ ಒಂದು ಗೆರೆಯೂ ತಿದ್ದಲಾಗದು. ‘ಇಲ್ಲಿ ಹೀಗಿಟ್ಟರೆ ಅಲ್ಲಿ ಏನಾಗುತ್ತದೆ?’ ಎನ್ನುವುದು ವಿಮರ್ಶೆ. ಮೊದಲನೆಯದು ನಕ್ಷೆ ಬರೆದವನ ಮೇಲೆ ಬೀಳುತ್ತದೆ, ಎರಡನೆಯದು ನಕ್ಷೆಯ ಮೇಲೆ.

ಹಾಗೆಂದು ಬಂದ ಮಾತನ್ನೆಲ್ಲ ಒಪ್ಪಿಕೊಂಡರೆ ನಕ್ಷೆ ಕಲಸುಮೇಲೋಗರವಾಗುತ್ತದೆ. ಕಾವಲಿನವರಿಗೆ ಒಂದೇ ಗೇಟು ಬೇಕು, ವಿದ್ಯಾರ್ಥಿನಿಯರಿಗೆ ಬಸ್ ನಿಲ್ದಾಣದ ಕಡೆಗೊಂದು ಬಾಗಿಲು ಬೇಕು, ಅಗ್ನಿಶಾಮಕದವರಿಗೆ ತಮ್ಮ ವಾಹನ ಸುತ್ತಲು ದಾರಿ ಬೇಕು. ಲೆಕ್ಕದವರು ನಡುವಿನ ಅಂಗಳವನ್ನೇ ಮುಚ್ಚಿ ಇನ್ನಷ್ಟು ಕೋಣೆ ಹಾಕಿ ಎನ್ನುತ್ತಾರೆ. ವಾಸ್ತುಶಿಲ್ಪಿಯ ಕಸುಬು ಇಲ್ಲಿ ಶುರುವಾಗುತ್ತದೆ. ನೆಲ ಹೇಳಿದ್ದನ್ನು ಮೀರುವಂತಿಲ್ಲ. ಕಾನೂನು ಹೇಳಿದ್ದನ್ನು ಬಿಡುವಂತಿಲ್ಲ. ಬಾಳುವವರ ಅಗತ್ಯಕ್ಕೆ ದಾರಿ ಹುಡುಕಬೇಕು. ರುಚಿಯ ಮಾತು ಕೊನೆಗೆ. ಹೀಗೆ ವಿಂಗಡಿಸಿಕೊಂಡರೆ, ನಡುವಿನ ಅಂಗಳವೇ ಕೋಣೆಗಳಿಗೆ ಗಾಳಿ ಬೆಳಕು ಕೊಡುವುದು, ಅದನ್ನು ಮುಚ್ಚಲಾಗದು ಎಂದು ಗಟ್ಟಿಯಾಗಿ ಹೇಳುವ ಧೈರ್ಯವೂ ಬರುತ್ತದೆ. ಬಸ್ಸಿನ ಬೀದಿಯ ಕಡೆಗೇ ಗೇಟನ್ನು ಸರಿಸಿದರೆ ಕಾವಲಿನವರಿಗೆ ಒಂದೇ ಗೇಟು, ವಿದ್ಯಾರ್ಥಿನಿಯರಿಗೆ ಹತ್ತಿರದ ದಾರಿ, ಎರಡೂ ದೊರೆಯುತ್ತವೆ.

<b>ಹರಿಹರದ ಪಾಠ</b>

ಎರಡು ವಿರುದ್ಧ ಮಾತುಗಳನ್ನು ಅರ್ಧರ್ಧ ಕತ್ತರಿಸುವುದು ಬೇರೆ, ಒಂದುಗೂಡಿಸುವುದು ಬೇರೆ. ಇದನ್ನು ಹರಿಹರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾಯದಂತೆ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಬಂದು ಕೊಂದರೆಂಬುದು ಆ ಊರಿನ ಸ್ಥಳಪುರಾಣ.

ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ, ಮಂತ್ರಿ ಪೋಲಾಳ್ವ. ಕಾಲ 1224ರ ಸುಮಾರು. ಅದರ ತೆರೆದ ಮಹಾಮಂಟಪದ ತಳವಿನ್ಯಾಸವನ್ನು ಸಾವಧಾನವಾಗಿ ನೋಡಬೇಕು. ಅದು ಬರಿಯ ಚೌಕವಲ್ಲ. ಚೌಕದ ಮೂಲೆಗಳು ಮೆಟ್ಟಿಲು ಮೆಟ್ಟಿಲಾಗಿ ಒಳಸರಿದಿವೆ. ಅಂಚಿಗೆ ಪೂರ್ಣ ಗೋಡೆಯಿಲ್ಲ, ಇರುವುದು ಗಿಡ್ಡ ಗೋಡೆ, ಅದರ ಮೇಲೆ ಮೋಟು ಕಂಬಗಳು, ಒಳಗೆ ಕಡೆದು ನುಣುಪಾಗಿಸಿದ ಕಂಬಗಳ ಸಾಲು. ಬಿಸಿಲು ಒಳಗೆ ನುಗ್ಗುವುದಿಲ್ಲ, ಗಾಳಿ ತಡೆಯಿಲ್ಲದೆ ಹಾಯುತ್ತದೆ. ನೂರಾರು ಜನ ಸೇರಿದರೂ ಉಸಿರುಗಟ್ಟುವುದಿಲ್ಲ. ಬೇಸಿಗೆಯ ನಡುಹಗಲಲ್ಲಿ ಆ ಕಲ್ಲಿನ ನೆರಳಿನಲ್ಲಿ ಕುಳಿತವರಿಗೆ ಈ ವಿನ್ಯಾಸದ ವಿವರಣೆ ಬೇರೆ ಬೇಕಿಲ್ಲ. ಇಂಥ ರೂಪ ಒಂದೇ ದಿನ ಒಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಚಾಲುಕ್ಯರ ಕಾಲದಿಂದ ಹೊಯ್ಸಳರವರೆಗೆ ಒಂದು ಗುಡಿಯಲ್ಲಿ ಕಂಡ ಕೊರತೆಯನ್ನು ಮುಂದಿನ ಗುಡಿಯಲ್ಲಿ ತಿದ್ದುತ್ತ ಬಂದ ಶಿಲ್ಪಿ ಪರಂಪರೆಯ ಫಲ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇದೇ ದೇವಾಲಯಕ್ಕೆ ಕೆಲವು ಭಾಗಗಳನ್ನು ಸೇರಿಸಿದ. ಸೋಮನಾಥಪುರದ ಪ್ರಸಿದ್ಧ ಕೇಶವ ದೇವಾಲಯ ಕಟ್ಟಿಸಿದವನೂ ಇವನೇ.

ಹಿಂದಿನವರು ಎಲ್ಲಿ ಬರೆದು ಎಲ್ಲಿ ತಿದ್ದುತ್ತಿದ್ದರು ಎಂಬುದಕ್ಕೆ ಅಪರೂಪದ ಸಾಕ್ಷಿಯೊಂದು ಮಧ್ಯಪ್ರದೇಶದ ಭೋಜಪುರದಲ್ಲಿ ಉಳಿದಿದೆ. 11ನೇ ಶತಮಾನದ ಆ ಶಿವಾಲಯ ಅಪೂರ್ಣವಾಗಿಯೇ ನಿಂತಿತು. ಹಾಗೆ ನಿಂತದ್ದರಿಂದಲೇ ಸುತ್ತಲ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದಿದ್ದ ನಕ್ಷೆಯ ಗೆರೆಗಳು ಅಳಿಯದೆ ಉಳಿದವು. ಕೆಲಸಗಾರರೆಲ್ಲರ ಕಣ್ಣೆದುರು, ಬಯಲಲ್ಲಿ, ಬಂಡೆಯ ಮೇಲಿದ್ದ ನಕ್ಷೆ ಅದು.

<b>ನಕ್ಷೆ ಬಯಲಿಗೆ ಬರಬೇಕು</b>

ಆಧುನಿಕ ಕಾಲದಲ್ಲಿ ನಕ್ಷೆ ಬಯಲಿನಿಂದ ಕಚೇರಿಯ ಕಪಾಟಿಗೆ ಹೋಯಿತು. ಅದನ್ನು ಮತ್ತೆ ಜನರೆದುರು ತರಬೇಕೆಂದು ಹಟ ಹಿಡಿದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಪ್ರಮುಖರು. ಅವರು 1914ರಲ್ಲಿ ಭಾರತಕ್ಕೆ ಬಂದಾಗ ಅವರ ನಗರಯೋಜನಾ ಪ್ರದರ್ಶನದ ನಕ್ಷೆ, ಚಿತ್ರಗಳನ್ನು ಹೊತ್ತ ಹಡಗನ್ನು ಜರ್ಮನಿಯ ಎಮ್ಡೆನ್ ಯುದ್ಧನೌಕೆ ಮುಳುಗಿಸಿತು. ಅವರು ಎದೆಗುಂದದೆ ಹೊಸದಾಗಿ ಸಾಮಗ್ರಿ ಕೂಡಿಸಿ 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆಸಿದರು. ಔಷಧಕ್ಕೆ ಮೊದಲು ರೋಗ ತಿಳಿಯಬೇಕು, ಯೋಜನೆಗೆ ಮೊದಲು ಊರನ್ನು ನಡೆದು ನೋಡಬೇಕು ಎಂಬುದು ಅವರ ನಿಲುವು. ಹಳೆಯ ಬೀದಿಗಳನ್ನು ಸೀಳಿಕೊಂಡು ನೇರ ರಸ್ತೆ ಎಳೆಯುವ ಬದಲು, ಬೇಕಾದಲ್ಲಿ ಮಾತ್ರ ಒಂದು ಪಾಳುಗೋಡೆ ತೆಗೆದು ಗಾಳಿಗೆ ದಾರಿ ಮಾಡಿದರೆ ಕಡಿಮೆ ಖರ್ಚಿನಲ್ಲಿ, ಯಾರ ಮನೆಯೂ ಬೀಳದೆ ಊರು ಸುಧಾರಿಸುತ್ತದೆಂದು ತಂಜಾವೂರಿನಂಥ ಊರುಗಳಲ್ಲಿ ಅವರು ತೋರಿಸಿದರು.

ಮಾತು ತಡವಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಒಂದೇ ರಸ್ತೆಯ ಈಚೆ ಆಚೆ ಎರಡು ಉದಾಹರಣೆಗಳಿವೆ. ವಿಧಾನಸೌಧಕ್ಕೆ ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು. ಆಗ ಯೋಚಿಸಿದ್ದದ್ದು ಸಾಧಾರಣ ಕಟ್ಟಡ. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಒಪ್ಪದೆ ಬದಲಿಸಿದರು, ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ಈಗ ಕಾಣುವ ಭವ್ಯರೂಪ ಮೂಡಿ 1956ರಲ್ಲಿ ಕಟ್ಟಡ ಪೂರ್ಣಗೊಂಡಿತು. ನಾಡಿಗೆ ಹೆಮ್ಮೆಯ ಸೌಧ ದೊರೆತದ್ದು ನಿಜ. ಆದರೆ ಅಡಿಗಲ್ಲು ಬಿದ್ದ ಮೇಲೆ ಬದಲಾದ ನಕ್ಷೆ ವೆಚ್ಚದ ಬಗೆಗೆ ದೊಡ್ಡ ಟೀಕೆಯನ್ನೂ ವಿಚಾರಣೆಯನ್ನೂ ಜೊತೆಯಲ್ಲಿ ತಂದಿತು. ಎದುರಿಗಿರುವ ಅಠಾರಾ ಕಚೇರಿ 1868ರಲ್ಲಿ ಮುಗಿದ ಕಟ್ಟಡ. 1982ರಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ಹೈಕೋರ್ಟಿಗೆ ಹೋದರು. ವಿಚಾರಣೆ ನಡೆದದ್ದು ಕೆಡವಬೇಕೆಂದಿದ್ದ ಅದೇ ಕಟ್ಟಡದೊಳಗೆ! ಕೊನೆಗೆ ಹಳೆಯದು ಉಳಿಯಿತು, ಹೆಚ್ಚಿನ ಜಾಗ ಹಿಂದುಗಡೆಯ ವಿಸ್ತರಣೆಯಲ್ಲಿ ದೊರೆಯಿತು. ಆ ಪರಿಹಾರ ಮೊದಲ ಕಾಗದದ ಮೇಲೆಯೇ ಹೊಳೆದಿದ್ದರೆ ಅಷ್ಟು ಹೋರಾಟವೇ ಬೇಕಿರಲಿಲ್ಲ.

<b>ಎರಡು ಊರು, ಒಂದು ನಕ್ಷೆ</b>

ಒಂದು ಕಟ್ಟಡಕ್ಕೆ ಸಲ್ಲುವ ಮಾತು ಊರಿಗೂ ಸಲ್ಲುತ್ತದೆ. ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ ದಾವಣಗೆರೆ, ಹೈದರಾಲಿಯ ಕಾಲದಲ್ಲಿ ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಸಿಕ್ಕಿತು. ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಪೇಟೆಯಾಗಿ ಬೆಳೆಯಿತು. 19ನೇ ಶತಮಾನದ ಕೊನೆಗೆ ರೈಲು ಬಂತು. ಅಂದು ಹಳಿ ಎಳೆದವರಿಗೆ ಅದು ಊರಿನ ಅಂಚು. ಮುಂದೆ ಹತ್ತಿ ಗಿರಣಿಗಳು ಬಂದು, ಬಡಾವಣೆಗಳು ಎದ್ದು, ಊರು ಹಳಿಯ ಎರಡೂ ಕಡೆ ಹಬ್ಬಿದಾಗ ಅದೇ ಗೆರೆ ಊರಿನ ನಡುವಿನ ಬೇಲಿಯಾಯಿತು. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ದಾವಣಗೆರೆಯವರ ಬಾಯಲ್ಲಿದ್ದ ಮಾತು. ಹಳಿ ಹಾಕಿದವರನ್ನು ದೂರಿ ಫಲವಿಲ್ಲ. ಆದರೆ ಒಂದು ಎಚ್ಚರಿಕೆ ಇಲ್ಲಿದೆ: ನಕ್ಷೆಯ ಮೇಜಿನ ಸುತ್ತ ಇಂದು ಕುಳಿತವರಷ್ಟೇ ವಿಮರ್ಶಕರಲ್ಲ. ಇನ್ನೂ ಹುಟ್ಟದವರ ಪರವಾಗಿಯೂ ಯಾರಾದರೂ ಮಾತಾಡಬೇಕು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು ಹದಿನಾಲ್ಕು ಕಿಲೋಮೀಟರ್. ಎರಡಕ್ಕೂ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ನಡುವೆ ಭದ್ರಾ ನಾಲೆಯ ನೀರುಂಡ ಗದ್ದೆಗಳು, ಕೆರೆಗಳು, ಹಳ್ಳಗಳು, ಆಚೆ ತುಂಗಭದ್ರೆ. ಎರಡು ಊರುಗಳು ಒಂದರ ಕಡೆಗೊಂದು ಚಾಚಿಕೊಳ್ಳುತ್ತಿರುವಾಗ ಈ ನಡುವಿನ ನೆಲದಲ್ಲಿ ಯಾವ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಹಾಸ್ಟೆಲಿನ ಎರಡು ಎಕರೆಯ ಪ್ರಶ್ನೆಯೇ, ಆದರೆ ಸಾವಿರಾರು ಪಾಲು ದೊಡ್ಡದು. ಹಳ್ಳದ ಪಾತ್ರದ ಮೇಲೆ ಬಡಾವಣೆ ಬರೆದರೆ ಹಳ್ಳ ತನ್ನ ದಾರಿಯನ್ನು ಮರೆಯುವುದಿಲ್ಲ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ಹರಿಹರದ ನದಿದಡದ ಮನೆಗಳವರಿಗೆ ನದಿಯೇ ತನ್ನ ನಕ್ಷೆಯನ್ನು ಬಿಡಿಸಿ ತೋರಿಸಿತು.

ಊರಿನ ನಕ್ಷೆ ಗಿಡವಾಗಿರುವಾಗ ಮಾತಾಡುವ ಹಕ್ಕನ್ನು ಕಾನೂನು ಕೊಟ್ಟಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದು. ಅದರ 13ನೇ ಪ್ರಕರಣದಂತೆ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. 60 ದಿನಗಳೊಳಗೆ ಯಾರೇ ಆಗಲಿ ಲಿಖಿತವಾಗಿ ತಿಳಿಸಿದ್ದನ್ನು ಪ್ರಾಧಿಕಾರ ಪರಿಶೀಲಿಸಿ, ಅಗತ್ಯವೆನಿಸಿದ ಮಾರ್ಪಾಡುಗಳ ಶಿಫಾರಸಿನೊಡನೆ ಸರ್ಕಾರಕ್ಕೆ ಮತ್ತೆ ಸಲ್ಲಿಸಬೇಕು. ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ಪರಿಷ್ಕರಿಸುವ ಅವಕಾಶವೂ ಅದೇ ಕಾಯಿದೆಯಲ್ಲಿದೆ. ನಿವೇಶನ ಕೊಳ್ಳುವಾಗ ಹತ್ತು ಸಲ ಅಳೆದು ಸುರಿದು ನೋಡುವ ಜನ ಈ 60 ದಿನಗಳನ್ನು ಮಾತ್ರ ಕೈಬಿಡುತ್ತಾರೆ. ಪ್ರಕಟಣೆ ಪತ್ರಿಕೆಯ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ನಕ್ಷೆ ಕಚೇರಿಯ ಗೋಡೆಯ ಮೇಲೆ ತೂಗುತ್ತಿರುತ್ತದೆ. ಬಣ್ಣಗಳ ಅರ್ಥ ಬಿಡಿಸಿ ಹೇಳುವವರು ಸಿಗುವುದಿಲ್ಲ. ಲೇವಾದೇವಿ ಇರುವವರು ಹೋಗಿ ನೋಡುತ್ತಾರೆ, ಉಳಿದವರು ಮಳೆ ಬಂದಾಗ ನೋಡುತ್ತಾರೆ.

ಇದನ್ನು ಬದಲಿಸಲು ದೊಡ್ಡ ವಿದ್ಯೆ ಬೇಕಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಊರಿನಲ್ಲಿ ನಕ್ಷೆ ಓದಬಲ್ಲ ತರುಣರಿಗೆ ಕೊರತೆಯಿಲ್ಲ. ಕರಡು ಹೊರಬಿದ್ದಾಗ ಅದನ್ನು ವಾರ್ಡಿಗೊಂದು ಶಾಲೆಯ ಗೋಡೆಯ ಮೇಲೆ ತೂಗುಹಾಕಿ, ‘ಇದು ನಿಮ್ಮ ಬೀದಿ, ಇದು ಹಳ್ಳ, ಈ ಬಣ್ಣ ಬಂದರೆ ಹೀಗಾಗುತ್ತದೆ’ ಎಂದು ವಿವರಿಸಿದರೆ ಸಾಕು. ಆ ಹೊಲ ಉತ್ತವನು, ಆ ಬೀದಿಯಲ್ಲಿ ನೀರು ಹೊತ್ತವಳು, ಆ ಗೇಟಿನಲ್ಲಿ ಕಾದು ನಿಂತವನು ಉಳಿದದ್ದನ್ನು ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಹಿಡಿಸದಿರಬಹುದು, ಕೆಲವು ನಡೆಸಿಕೊಡಲಾಗದ್ದೂ ಇರಬಹುದು. ಆದರೂ ಕೇಳಬೇಕಾದದ್ದು ಆಗಲೇ, ಪೆನ್ಸಿಲಿನ ಗೆರೆ ಇನ್ನೂ ಹಸಿಯಾಗಿರುವಾಗ.